ನಿಮಗಿದು ಗೊತ್ತೇ? ಪೆಂಗ್ವಿನ್, ನೀಲಕಂಠ ಮತ್ತು ಫೋಟೊ ತಿದ್ದುವ ಲ್ಯಾಪ್‌ಟಾಪ್

◆ ಲಿನಕ್ಸ್ ಅಂದೊಡನೆ ನೆನಪಾಗುವ ಆ ಡೊಳ್ಳುಹೊಟ್ಟೆಯ ಪೆಂಗ್ವಿನ್ ಹುಟ್ಟಿದ್ದೇ ಚಿತ್ರ ತಿದ್ದುವ ಒಂದು ತಂತ್ರಾಂಶದಲ್ಲಿ. 1996ರಲ್ಲಿ ಲ್ಯಾರಿ ಯೂಯಿಂಗ್ ಎಂಬ ವಿದ್ಯಾರ್ಥಿ ಅದನ್ನು ಗಿಂಪ್‌ನ 0.54ನೇ ಆವೃತ್ತಿಯಲ್ಲಿ ಬಿಡಿಸಿದರು. ‘ಲಿನಕ್ಸ್‌ನಲ್ಲಿ ಫೋಟೊ ಕೆಲಸ ಆಗುತ್ತಾ?’ ಎಂದು ಯಲಹಂಕದ ಕಡೆಯ ಸ್ಟುಡಿಯೊ ಹುಡುಗರು ಕೇಳಿದಾಗಲೆಲ್ಲ ನಾನು ಮೊದಲು ಹೇಳುವುದು ಈ ಪೆಂಗ್ವಿನ್ ಕತೆಯನ್ನೇ.

◆ ಇನ್ನೂ ಒಂದಿದೆ. ಗಿಂಪ್ ಬರೆದವರು ಬರ್ಕ್ಲಿ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಸ್ಪೆನ್ಸರ್ ಕಿಂಬಾಲ್ ಮತ್ತು ಪೀಟರ್ ಮ್ಯಾಟಿಸ್. ಶುರುವಾದದ್ದು 1995ರಲ್ಲಿ. ತಮ್ಮ ತಂತ್ರಾಂಶಕ್ಕೆ ಬೇಕಾದ ಗುಂಡಿ, ಮೆನು, ಕಿಟಕಿಗಳನ್ನು ಬಿಡಿಸಲು ಅವರು ‘ಜಿಟಿಕೆ’ ಎಂಬ ಸಲಕರಣೆ ಪೆಟ್ಟಿಗೆಯನ್ನೂ ತಾವೇ ಮಾಡಿಕೊಂಡರು. ಮುಂದೆ ಅದೇ ಪೆಟ್ಟಿಗೆಯಿಂದ ‘ಗ್ನೋಮ್’ ಎಂಬ ಡೆಸ್ಕ್‌ಟಾಪ್ ಕಟ್ಟಲಾಯಿತು. ಇವತ್ತು ಉಬುಂಟು ಹಾಕಿದ ಲ್ಯಾಪ್‌ಟಾಪ್ ತೆರೆದರೆ ಕಾಣುವುದು ಆ ಗ್ನೋಮ್‌ನ ಮುಖವೇ. ಫೋಟೊ ತಿದ್ದುವ ಕೆಲಸಕ್ಕೆ ಮಾಡಿದ ಆಯುಧದಿಂದ ಇಡೀ ಮನೆಯೇ ಎದ್ದಿತು!

◆ ಮುಕ್ತ ತಂತ್ರಾಂಶ ಉತ್ತರ ಬೆಂಗಳೂರಿಗೆ ಹೊಸ ನೆಂಟನಲ್ಲ. ಯಶವಂತಪುರದ ಮಗ್ಗುಲಲ್ಲೇ ಇರುವ ಟಾಟಾ ಇನ್‌ಸ್ಟಿಟ್ಯೂಟ್‌ನ (ಭಾರತೀಯ ವಿಜ್ಞಾನ ಸಂಸ್ಥೆ) ಅಧ್ಯಾಪಕರು ಎನ್‌ಕೋರ್ ಕಂಪನಿಯವರೊಂದಿಗೆ ಸೇರಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರ್ ಕಟ್ಟಿದರು. ಮಾದರಿ ಹೊರಬಂದದ್ದು 2001ರಲ್ಲಿ. ಅದರೊಳಗೆ ಓಡುತ್ತಿದ್ದುದು ಲಿನಕ್ಸ್. ಓದು ಬಾರದವರಿಗೂ ಉಪಯೋಗವಾಗಲಿ ಎಂದು ಪಠ್ಯವನ್ನು ಓದಿ ಹೇಳುವ ವ್ಯವಸ್ಥೆ ಅದರಲ್ಲಿತ್ತು; ಕನ್ನಡವನ್ನೂ ಓದುತ್ತಿತ್ತು. 2004ರಲ್ಲಿ ಬಂದ ‘ಅಮಿಡಾ ಸಿಂಪ್ಯೂಟರ್’ ಅನ್ನು ತಯಾರಿಸಿದ್ದು ನಮ್ಮ ಜಾಲಹಳ್ಳಿಯ ಬಿಇಎಲ್. ಕೈಯಲ್ಲಿ ಹಿಡಿದು ವಾಲಿಸಿದರೆ ಗುರುತಿಸುವ ಚಲನೆ ಸಂವೇದಕವೂ ಅದರಲ್ಲಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷ ಬಾಕಿ ಇತ್ತು. ಸಿಂಪ್ಯೂಟರ್ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಆದರೂ ಯಶವಂತಪುರ ಸರ್ಕಲ್ ದಾಟುವಾಗ ನನಗೆ ಅದು ನೆನಪಾಗುತ್ತದೆ, ಹೆಮ್ಮೆಯೂ ಆಗುತ್ತದೆ.

◆ 2017ರ ನವೆಂಬರ್‌ನಿಂದ ಈಚೆಗೆ ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳ ಪಟ್ಟಿಯಲ್ಲಿರುವುದೆಲ್ಲ ಲಿನಕ್ಸ್ ಯಂತ್ರಗಳೇ. ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ 2022ರಲ್ಲಿ ಸ್ಥಾಪಿಸಿದ 3.3 ಪೆಟಾಫ್ಲಾಪ್‌ನ ‘ಪರಮ್ ಪ್ರವೇಗ’ ನಡೆಯುವುದೂ ಲಿನಕ್ಸ್ ಮೇಲೆ.

◆ ಈಗ ಅಂಗಡಿಗೆ ಬರೋಣ. ಲ್ಯಾಪ್‌ಟಾಪ್‌ನ ವಿವರಪಟ್ಟಿಯಲ್ಲಿ ‘ಶೇ. 45 ಎನ್‌ಟಿಎಸ್‌ಸಿ’ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಅದರ ಅರ್ಥ ಗೊತ್ತೇ? ಎನ್‌ಟಿಎಸ್‌ಸಿ ಎಂಬುದು 1953ರಲ್ಲಿ ಅಮೆರಿಕದ ಬಣ್ಣದ ಟೀವಿಗಾಗಿ ಗೊತ್ತು ಮಾಡಿದ ಬಣ್ಣಗಳ ವಿಸ್ತಾರ. ನಾವಿಂದು ಫೋನಿನಲ್ಲಿ, ಜಾಲತಾಣಗಳಲ್ಲಿ, ಫೋಟೊ ಲ್ಯಾಬಿನಲ್ಲಿ ಬಳಸುವ ‘ಎಸ್‌ಆರ್‌ಜಿಬಿ’ ವಿಸ್ತಾರ ಅದರ ಸುಮಾರು ಶೇ. 72ರಷ್ಟಿದೆ. ಹಾಗಾದರೆ ಶೇ. 45ರ ಪರದೆ, ನಮಗೆ ಬೇಕಾದ ಬಣ್ಣಗಳಲ್ಲಿ ಮೂರನೇ ಎರಡು ಪಾಲನ್ನೂ ಪೂರ್ತಿ ತೋರಿಸದು. ಮಿಕ್ಕ ಬಣ್ಣಗಳೆಲ್ಲ ಪೇಲವವಾಗಿ ಕಾಣುತ್ತವೆ.

ನನ್ನ ಮೊದಲ ಲ್ಯಾಪ್‌ಟಾಪ್ ಇಂಥದ್ದೇ. ಹೆಬ್ಬಾಳ ಕೆರೆಯಲ್ಲಿ ತೆಗೆದ ಮಿಂಚುಳ್ಳಿಯ ಚಿತ್ರ ಪರದೆಯಲ್ಲಿ ಸಪ್ಪೆಯಾಗಿ ಕಂಡಿತು. ಬಣ್ಣ ಏರಿಸಿದೆ, ಸಾಲದೆನಿಸಿ ಇನ್ನೂ ಏರಿಸಿದೆ. ಲ್ಯಾಬಿನಿಂದ ಬಂದ ಪ್ರಿಂಟ್‌ನಲ್ಲಿ ಹಕ್ಕಿಯ ಕೊಕ್ಕು ಕೆಂಡದಂತೆ ಉರಿಯುತ್ತಿತ್ತು, ಬೆನ್ನಿನ ನೀಲಿಯಲ್ಲಿ ಒಂದು ಗರಿಯೂ ಬಿಡಿಯಾಗಿ ಕಾಣುತ್ತಿರಲಿಲ್ಲ. ತಪ್ಪು ತಂತ್ರಾಂಶದ್ದೂ ಅಲ್ಲ, ಲ್ಯಾಬಿನದೂ ಅಲ್ಲ. ಪರದೆ ನನಗೆ ಸುಳ್ಳು ಹೇಳಿತ್ತು. ಅಂದಿನಿಂದ ನನ್ನದು ಒಂದೇ ಮಾತು: ಮುಕ್ತ ತಂತ್ರಾಂಶದಿಂದ ಉಳಿದ ದುಡ್ಡನ್ನು ಪರದೆಗೆ ಹಾಕಿ. ‘ಶೇ. 100 ಎಸ್‌ಆರ್‌ಜಿಬಿ’ ಎಂದು ಸ್ಪಷ್ಟವಾಗಿ ಬರೆದಿರದ ಲ್ಯಾಪ್‌ಟಾಪನ್ನು ಫೋಟೊ ಕೆಲಸಕ್ಕೆ ಕೊಳ್ಳಬೇಡಿ.

◆ ಮಾಡೆಲ್ ಹೆಸರು ಒಂದೇ ಆದರೂ ಪರದೆ ಬೇರೆ ಇರಬಹುದು! ಒಂದೇ ಹೆಸರಿನ ಲ್ಯಾಪ್‌ಟಾಪನ್ನು ಕಂಪನಿಗಳು ಎರಡು ಮೂರು ಬಗೆಯ ಪರದೆಗಳೊಂದಿಗೆ ಮಾರುತ್ತವೆ. ವಿಮರ್ಶೆಯಲ್ಲಿ ಹೊಗಳಿಸಿಕೊಂಡ ಪರದೆಯೇ ನಿಮ್ಮ ಪೆಟ್ಟಿಗೆಯಲ್ಲಿ ಇರುತ್ತದೆ ಎಂಬ ಖಾತರಿ ಇಲ್ಲ. ಪೆಟ್ಟಿಗೆಯ ಮೇಲಿನ ಪೂರ್ಣ ಸಂಖ್ಯೆಯನ್ನು, ಕೊನೆಯ ಅಕ್ಷರದವರೆಗೂ, ಹೋಲಿಸಿ ನೋಡಬೇಕು. ಪ್ರತಿ ಪರದೆಯೂ ತನ್ನ ಗುರುತುಚೀಟಿಯನ್ನು ಒಳಗೇ ಇಟ್ಟುಕೊಂಡಿರುತ್ತದೆ. ಲಿನಕ್ಸ್ ಅದನ್ನು ಓದಿ ಪ್ಯಾನಲ್ ತಯಾರಕರ ಹೆಸರು, ಸಂಖ್ಯೆ ಎರಡನ್ನೂ ಹೇಳಬಲ್ಲದು.

◆ ‘1 ಕೋಟಿ 67 ಲಕ್ಷ ಬಣ್ಣ’ ಎಂಬ ಜಾಹೀರಾತಿನ ಲೆಕ್ಕ ಹೀಗೆ: ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು, ಮೂರನ್ನೂ ಗುಣಿಸಿದರೆ 1,67,77,216. ಅಗ್ಗದ ಪರದೆಗಳಲ್ಲಿ ಮೆಟ್ಟಿಲು 64 ಮಾತ್ರ. ಅಂದರೆ ನಿಜವಾದ ಬಣ್ಣಗಳು 2,62,144. ಮಿಕ್ಕದ್ದನ್ನು ಬೇಗಬೇಗ ಮಿನುಗಿಸಿ ಕಣ್ಣಿಗೆ ಇದೆಯೆಂಬಂತೆ ಮಾಡುತ್ತವೆ. ಸಂಜೆಯ ಆಕಾಶದ ಫೋಟೊದಲ್ಲಿ ಪಟ್ಟೆ ಪಟ್ಟೆ ಕಂಡರೆ ಒಮ್ಮೆ ಪರದೆಯ ಮೇಲೂ ಅನುಮಾನಪಡಿ.

◆ ನೀಲಿ ಬಣ್ಣದ ಬಗ್ಗೆ ತಲೆ ಕೆಡಿಸಿಕೊಂಡವರು ನಮ್ಮ ಬಡಾವಣೆಯಲ್ಲೇ ಇದ್ದರು. ಸರ್ ಸಿ.ವಿ. ರಾಮನ್ ಟಾಟಾ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದಾಗ, 1934ರಲ್ಲಿ, ಹಕ್ಕಿಗಳ ಗರಿಗೆ ಬಣ್ಣ ಎಲ್ಲಿಂದ ಬರುತ್ತದೆ ಎಂದು ಒಂದು ಲೇಖನ ಬರೆದರು. ಅವರು ಪರೀಕ್ಷಿಸಿದ ಹಕ್ಕಿ ನೀಲಕಂಠ. ಅದೇ ಇಂದು ಕರ್ನಾಟಕದ ರಾಜ್ಯಪಕ್ಷಿ. ಆ ರೆಕ್ಕೆಯಲ್ಲಿ ನೀಲಿ ವರ್ಣದ್ರವ್ಯ ಎಂಬುದಿಲ್ಲ. ಗರಿಯೊಳಗಿನ ಅತಿ ಸೂಕ್ಷ್ಮ ರಚನೆಗೆ ಬೆಳಕು ತಾಗಿ ಹೊಮ್ಮುವ ಬಣ್ಣ ಅದು. 1948ರಲ್ಲಿ ಮೇಖ್ರಿ ಸರ್ಕಲ್ ಬಳಿ ತಮ್ಮದೇ ಸಂಸ್ಥೆ ಕಟ್ಟಿದ ಮೇಲೂ ಅವರು ಹೂವು, ರತ್ನ, ಗರಿಗಳ ಬಣ್ಣದ ಹಿಂದೆಯೇ ಹೋದರು. ಕಣ್ಣು ಬಣ್ಣವನ್ನು ಹೇಗೆ ಕಾಣುತ್ತದೆ ಎಂಬ ಬಗ್ಗೆ 1968ರಲ್ಲಿ ಪುಸ್ತಕವನ್ನೇ ತಂದರು. 1970ರಲ್ಲಿ ತೀರಿಕೊಂಡಾಗ ಅವರ ಅಂತ್ಯಕ್ರಿಯೆ ನಡೆದದ್ದು ಅದೇ ಆವರಣದಲ್ಲಿ, ಸ್ಮಾರಕವಾಗಿ ಅಲ್ಲಿ ನಿಂತಿರುವುದು ಒಂದು ಮರ.

ಇದನ್ನು ಇಲ್ಲಿ ಹೇಳಲು ಕಾರಣವಿದೆ. ನೀಲಕಂಠದ ರೆಕ್ಕೆ, ಮಿಂಚುಳ್ಳಿಯ ಬೆನ್ನು, ನವಿಲಿನ ಕತ್ತು ಇವೆಲ್ಲ ಹಸಿರು-ನೀಲಿಯ ಗಡಿಯಲ್ಲಿ ನಿಂತ ಬಣ್ಣಗಳು. ಎಸ್‌ಆರ್‌ಜಿಬಿ ತೀರಾ ಬಡವಾಗಿರುವುದೂ ಆ ಗಡಿಯಲ್ಲೇ. ‘ಅಡೋಬ್ ಆರ್‌ಜಿಬಿ’ ವಿಸ್ತಾರದಲ್ಲಿ ನೀಲಿ ಮೂಲೆ ಎಸ್‌ಆರ್‌ಜಿಬಿಯದೇ, ಹಿಗ್ಗಿರುವುದು ಹಸಿರಿನ ಕಡೆಗೆ. ಹಕ್ಕಿ ಚಿತ್ರಗಳನ್ನೇ ನೆಚ್ಚಿಕೊಂಡವರು ಅಗಲ ವಿಸ್ತಾರದ ಪರದೆಗೆ ಒಂದಿಷ್ಟು ಹೆಚ್ಚು ಕೊಟ್ಟರೆ ತಪ್ಪಿಲ್ಲ. ಮದುವೆ, ನಾಮಕರಣದ ಫೋಟೊ ತೆಗೆಯುವವರಿಗೆ ಅದರ ಅಗತ್ಯ ಕಾಣೆ. ಲ್ಯಾಬುಗಳು ಕೇಳುವುದೇ ಎಸ್‌ಆರ್‌ಜಿಬಿ.

◆ ‘ಪ್ರಿಂಟ್ ಯಾವಾಗಲೂ ಕಪ್ಪಾಗಿ ಬರುತ್ತದೆ’ ಎಂಬ ದೂರು ಸ್ಟುಡಿಯೊಗಳಲ್ಲಿ ಸಾಮಾನ್ಯ. ಬಹಳ ಸಲ ಕಾರಣ ಪರದೆಯ ಬೆಳಕೇ. ಎಸ್‌ಆರ್‌ಜಿಬಿ ನಿಯಮ ಹೇಳುವ ಪರದೆಯ ಬೆಳಕು 80 ನಿಟ್ಸ್. ಪ್ರಿಂಟ್‌ಗೆ ಹೊಂದುವಂತೆ ತಿದ್ದುವವರು 100-120ರ ಆಸುಪಾಸಿನಲ್ಲಿ ಇಟ್ಟುಕೊಳ್ಳುತ್ತಾರೆ. ನಾವೋ 300-400 ನಿಟ್ಸ್‌ನ ಪರದೆಯನ್ನು ಪೂರ್ತಿ ಏರಿಸಿ ಕೂರುತ್ತೇವೆ, ಚಿತ್ರ ಬೆಳ್ಳಗಿದೆ ಎಂದು ತಗ್ಗಿಸುತ್ತೇವೆ. ಪರದೆಯ ಕಾಂತಿಯನ್ನು ಅರ್ಧಕ್ಕೆ ಇಳಿಸಿ ನೋಡಿ. ರಾತ್ರಿ ತಾನೇತಾನಾಗಿ ಪರದೆಯನ್ನು ಹಳದಿ ಮಾಡುವ ಸೌಲಭ್ಯವನ್ನೂ ತಿದ್ದುವಾಗ ಆರಿಸಿ.

◆ ಪಶ್ಚಿಮಕ್ಕೆ ಕಿಟಕಿಯಿರುವ ಕೋಣೆಯಲ್ಲಿ ಸಂಜೆ ಐದಕ್ಕೆ ತಿದ್ದಿದ ಚಿತ್ರ ಬೆಳಿಗ್ಗೆ ಬೇರೆಯಾಗಿಯೇ ಕಾಣುತ್ತದೆ. ಗೋಡೆಯ ಬಣ್ಣವೂ ಕಣ್ಣನ್ನು ಎಳೆಯುತ್ತದೆ. ಬೂದು ಪರದೆಬಟ್ಟೆ ಹಾಕಿಕೊಳ್ಳುವುದು ಹೊಸ ಲ್ಯಾಪ್‌ಟಾಪ್‌ಗಿಂತ ಅಗ್ಗ.

◆ 24 ಮೆಗಾಪಿಕ್ಸೆಲ್ ಕ್ಯಾಮೆರಾ ಅಂದರೆ 2 ಕೋಟಿ 40 ಲಕ್ಷ ಬಿಂದುಗಳಲ್ಲಿ ಮೂರೂ ಬಣ್ಣ ಅಳೆಯುತ್ತದೆ ಎಂದುಕೊಂಡಿರಾ? ಇಲ್ಲ. ಒಂದೊಂದು ಬಿಂದುವೂ ಒಂದೊಂದೇ ಬಣ್ಣ ಅಳೆಯುತ್ತದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯಲ್ಲಿ ಅರ್ಧ ಬಿಂದುಗಳು ಹಸಿರು, ಕಾಲು ಭಾಗ ಕೆಂಪು, ಕಾಲು ಭಾಗ ನೀಲಿ. ಮಿಕ್ಕ ಮೂರನೇ ಎರಡು ಪಾಲು ಬಣ್ಣವನ್ನು ತಂತ್ರಾಂಶ ಅಕ್ಕಪಕ್ಕದ ಬಿಂದುಗಳನ್ನು ನೋಡಿ ಲೆಕ್ಕಹಾಕಿ ತುಂಬುತ್ತದೆ. ಕ್ಯಾಮೆರಾದ ‘ರಾ’ ಫೈಲ್ ಅಂದರೆ ಈ ತುಂಬುವ ಕೆಲಸಕ್ಕೆ ಮೊದಲಿನ ಹಸಿ ಲೆಕ್ಕ. ಆ ಲೆಕ್ಕ ಹೇಗೆ ನಡೆಯಿತು ಎಂದು ಸಾಲು ಸಾಲಾಗಿ ಓದಿ ನೋಡಬಹುದಾದದ್ದು ಮುಕ್ತ ತಂತ್ರಾಂಶದಲ್ಲಿ ಮಾತ್ರ. ನನ್ನ ಮಟ್ಟಿಗೆ ‘ಮುಕ್ತ’ ಎಂಬ ಪದದ ತೂಕ ಇರುವುದು ಪುಕ್ಕಟೆ ಎಂಬುದರಲ್ಲಿ ಅಲ್ಲ, ಇಲ್ಲಿ.

◆ 1997ರಲ್ಲಿ ಡೇವ್ ಕಾಫಿನ್ ಎಂಬ ಒಬ್ಬರೇ ಕೂತು ಕ್ಯಾಮೆರಾ ಕಂಪನಿಗಳು ಬಚ್ಚಿಟ್ಟಿದ್ದ ರಾ ಫೈಲ್‌ಗಳ ಗುಟ್ಟನ್ನು ಬಿಡಿಸತೊಡಗಿದರು. ‘ಡಿಸಿರಾ’ ಎಂಬ ಅವರ ಇಡೀ ತಂತ್ರಾಂಶ ಒಂದೇ ಒಂದು ಫೈಲ್. ಅದರ ಸಂತತಿ ಇಂದಿಗೂ ಹತ್ತಾರು ತಂತ್ರಾಂಶಗಳ ಒಳಗೆ ದುಡಿಯುತ್ತಿದೆ.

◆ 2009ರಲ್ಲಿ ಬಂದ ‘ಡಾರ್ಕ್‌ಟೇಬಲ್’ ಎಂಬ ರಾ ತಂತ್ರಾಂಶದ ಹೆಸರಿನಲ್ಲಿ ಎರಡು ಹಳೆಯ ವಸ್ತುಗಳಿವೆ: ಫಿಲಂ ತೊಳೆಯುತ್ತಿದ್ದ ಡಾರ್ಕ್‌ರೂಮ್, ನೆಗೆಟಿವ್ ಹರಡಿ ಆರಿಸುತ್ತಿದ್ದ ಲೈಟ್‌ಟೇಬಲ್. ಇನ್ನೊಂದು ರಾ ತಂತ್ರಾಂಶ ‘ರಾಥೆರಪಿ’ ಹಂಗೆರಿಯ ಗಾಬೋರ್ ಹೊರ್ವಾತ್ ಅವರದು. 2010ರಲ್ಲಿ ಅದನ್ನು ಮುಕ್ತಗೊಳಿಸಿ ಲೋಕಕ್ಕೆ ಬಿಟ್ಟುಕೊಟ್ಟರು.

◆ 8 ಜಿಬಿ ರ‍್ಯಾಮ್ ಸಾಕೇ? ಲೆಕ್ಕ ನೋಡಿ. ಡಾರ್ಕ್‌ಟೇಬಲ್ ಪ್ರತಿ ಬಿಂದುವಿಗೂ ನಾಲ್ಕು ಸಂಖ್ಯೆ ಇಟ್ಟುಕೊಳ್ಳುತ್ತದೆ, ಒಂದೊಂದು ಸಂಖ್ಯೆಗೆ 4 ಬೈಟ್. ಒಟ್ಟು 16 ಬೈಟ್. 2 ಕೋಟಿ 40 ಲಕ್ಷ ಬಿಂದುವಿಗೆ 38 ಕೋಟಿ 40 ಲಕ್ಷ ಬೈಟ್, ಅಂದರೆ 384 ಎಂಬಿ. ಇದು ಚಿತ್ರದ ಒಂದು ಪ್ರತಿ ಮಾತ್ರ. ಒಂದೊಂದು ತಿದ್ದುಪಡಿಗೂ ಮೊದಲಿನ ಪ್ರತಿ, ನಂತರದ ಪ್ರತಿ ಎರಡೂ ಬೇಕು. ಕೆಲವಕ್ಕೆ ನಡುವೆ ಇನ್ನಷ್ಟು. ಡಿಸ್ಕಿನಲ್ಲಿ 25 ಎಂಬಿ ಇದ್ದ ಫೈಲ್ ತೆರೆದ ಕೂಡಲೇ ಬಕಾಸುರನಾಗುವುದು ಹೀಗೆ. 16 ಜಿಬಿ ಕನಿಷ್ಠ, 32 ಇದ್ದರೆ ನೆಮ್ಮದಿ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದಿರುತ್ತದೆ. ಆಮೇಲೆ ಹಾಕಿಸಿಕೊಳ್ಳೋಣ ಅನ್ನುವಂತಿಲ್ಲ. ‘ರ‍್ಯಾಮ್ ಸ್ಲಾಟ್ ಇದೆಯಾ, ಎಷ್ಟಿದೆ?’ ಎಂದು ಬಿಲ್ ಬರೆಸುವ ಮೊದಲೇ ಕೇಳಿ.

◆ ಗ್ರಾಫಿಕ್ಸ್ ಚಿಪ್ ಆಟಕ್ಕಷ್ಟೇ ಅಲ್ಲ. ರಾತ್ರಿ ತೆಗೆದ ಚಿತ್ರದ ಕಾಳುಕಾಳು ನಾಯ್ಸ್ ತೆಗೆಯುವಂಥ ಭಾರದ ಕೆಲಸವನ್ನು ಡಾರ್ಕ್‌ಟೇಬಲ್ ಅದರ ಹೆಗಲಿಗೆ ದಾಟಿಸಬಲ್ಲದು. ಆದರೆ ಲಿನಕ್ಸ್‌ನಲ್ಲಿ ಇಲ್ಲೊಂದು ಸೂಕ್ಷ್ಮವಿದೆ. ಎಎಂಡಿ ಚಿಪ್‌ನ ಡ್ರೈವರ್ ಕರ್ನೆಲ್ ಒಳಗೇ ಇದೆ, ಪರದೆ ತಕ್ಷಣ ಹೊತ್ತಿಕೊಳ್ಳುತ್ತದೆ. ಲೆಕ್ಕದ ಕೆಲಸಕ್ಕೆ ಬೇಕಾದ ‘ಓಪನ್‌ಸಿಎಲ್’ ಮಾತ್ರ ಬೇರೆ ಹಾಕಿಕೊಳ್ಳಬೇಕು. ಎನ್‌ವಿಡಿಯಾದಲ್ಲಿ ಉಲ್ಟಾ: ಕಂಪನಿಯ ಮುಚ್ಚಿದ ಡ್ರೈವರ್ ಹಾಕಿದರೆ ಓಪನ್‌ಸಿಎಲ್ ಜೊತೆಗೇ ಬರುತ್ತದೆ, ಆದರೆ ಸಿಸ್ಟಂ ಅಪ್‌ಡೇಟ್ ಮಾಡಿದಾಗಲೆಲ್ಲ ಒಂದು ಕಣ್ಣಿಟ್ಟಿರಬೇಕು. ಪೂರ್ತಿ ಮುಕ್ತ ದಾರಿಯೇ ಬೇಕೆಂಬವರು ಇಂಟೆಲ್ ಅಥವಾ ಎಎಂಡಿಯ ಒಳಗ್ರಾಫಿಕ್ಸ್ ಇರುವುದನ್ನು ಕೊಂಡು, ಮಿಕ್ಕ ಹಣವನ್ನು ರ‍್ಯಾಮ್‌ಗೆ ಹಾಕಲಿ. ನಾನು ಹಾಗೇ ಮಾಡಿದ್ದೇನೆ. ಒಂದು ಚಿತ್ರಕ್ಕೆ ಕೆಲವು ಸೆಕೆಂಡು ಹೆಚ್ಚು ಕಾಯುತ್ತೇನೆ, ಅಷ್ಟೇ.

◆ ಯಶವಂತಪುರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಎಲ್ಲೂ ಬದಲಿಸದೆ ಚಿಕ್ಕಪೇಟೆಯಲ್ಲಿ ಇಳಿದು ಎಸ್.ಪಿ. ರೋಡಿಗೆ ನಡೆದು ಹೋಗಬಹುದು. ಜೇಬಿನಲ್ಲಿ ಒಂದು ಪೆನ್ ಡ್ರೈವ್ ಇರಲಿ. ಅದರಲ್ಲಿ ಉಬುಂಟು, ಫೆಡೋರಾ ಅಥವಾ ಮಿಂಟ್ ಹಾಕಿಕೊಂಡಿದ್ದರೆ, ಲ್ಯಾಪ್‌ಟಾಪ್‌ಗೆ ಚುಚ್ಚಿ ಅಲ್ಲೇ ಲಿನಕ್ಸ್ ಶುರು ಮಾಡಬಹುದು. ಒಳಗಿನ ಡಿಸ್ಕನ್ನು ಅದು ಮುಟ್ಟುವುದಿಲ್ಲ, ಹಳೆಯ ವಿಂಡೋಸ್ ಇದ್ದಂತೆಯೇ ಇರುತ್ತದೆ. ಹೊಸ ಪೆಟ್ಟಿಗೆ ಒಡೆಯಲು ಅಂಗಡಿಯವರು ಒಪ್ಪದಿದ್ದರೆ, ಪ್ರದರ್ಶನಕ್ಕೆ ಇಟ್ಟಿರುವುದನ್ನು ಕೇಳಿ. ‘ಅಣ್ಣಾ, ಐದು ನಿಮಿಷ, ಏನೂ ಅಳಿಸಲ್ಲ’ ಅಂದರೆ ಬಹುತೇಕರು ಒಪ್ಪುತ್ತಾರೆ.

ಆ ಐದು ನಿಮಿಷದಲ್ಲಿ ನೋಡಬೇಕಾದದ್ದು: ವೈಫೈ ಹಿಡಿಯುತ್ತದೆಯೇ, ಸ್ಪೀಕರ್ ಸದ್ದು ಬರುತ್ತದೆಯೇ, ಕಾಂತಿ ಏರಿಳಿಸುವ ಕೀಲಿ ಮಾತು ಕೇಳುತ್ತದೆಯೇ, ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆದರೆ ಎಚ್ಚರವಾಗುತ್ತದೆಯೇ. ಕೊನೆಯದರಲ್ಲೇ ಹೆಚ್ಚು ಲ್ಯಾಪ್‌ಟಾಪ್‌ಗಳು ಎಡವುವುದು. ಕ್ಯಾಮೆರಾದ ಎಸ್‌ಡಿ ಕಾರ್ಡನ್ನೂ ಒಯ್ದು ಸ್ಲಾಟಿಗೆ ಹಾಕಿ ನೋಡಿ. ಬೆರಳಚ್ಚು ಓದುವ ಗುಂಡಿ ಕೆಲಸ ಮಾಡದಿದ್ದರೆ ಬೇಸರ ಬೇಡ, ಫೋಟೊಗೂ ಅದಕ್ಕೂ ಸಂಬಂಧವಿಲ್ಲ. ಪರದೆಯ ಎದುರು ನಿಂತು ಎಡಕ್ಕೂ ಬಲಕ್ಕೂ, ಮೇಲಿಂದಲೂ ಕಣ್ಣಾಡಿಸಿ. ಬಣ್ಣ ತಿರುಗಿದರೆ ಅಲ್ಲಿಗೇ ನಮಸ್ಕಾರ ಹೇಳಿ.

◆ ಪಟ್ಟಿಯಲ್ಲಿ ‘ಡಾಸ್’ ಎಂದಿರುವ ಲ್ಯಾಪ್‌ಟಾಪ್ ಅಂದರೆ ವಿಂಡೋಸ್ ಪರವಾನಗಿಯ ದುಡ್ಡು ಸೇರದ ಯಂತ್ರ. ಲಿನಕ್ಸ್‌ನವರಿಗೆ ಅದು ಕೊರತೆಯಲ್ಲ.

◆ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ರಂದು. ಇಂಟೆಲ್‌ನ 7ನೇ ಪೀಳಿಗೆ ಮತ್ತು ಅದಕ್ಕೂ ಹಳೆಯ ಬಹುಪಾಲು ಯಂತ್ರಗಳಿಗೆ ವಿಂಡೋಸ್ 11ರ ಒಪ್ಪಿಗೆ ಇಲ್ಲ. ಕಚೇರಿಗಳಿಂದ ಹೊರಬಿದ್ದ ಇಂಥ ಗಟ್ಟಿಮುಟ್ಟು ಲ್ಯಾಪ್‌ಟಾಪ್‌ಗಳು ಗುಜರಿಗೆ ಹೋಗಬೇಕಾಗಿಲ್ಲ. ಲಿನಕ್ಸ್‌ಗೆ ಅವು ಇನ್ನೂ ಪ್ರಾಯದವು. ಅವುಗಳ ಪರದೆ ಮಾತ್ರ ಬಹಳ ಸಲ ಅದೇ ಶೇ. 45ರದು. ಹಾಗಾಗಿ ನನ್ನ ಸಲಹೆ: ಕೈಯಲ್ಲಿ ದುಡ್ಡು ಕಡಿಮೆಯಿದ್ದರೆ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್, ಅದಕ್ಕೆ 16 ಜಿಬಿ ರ‍್ಯಾಮ್, ಒಂದು ಎಸ್‌ಎಸ್‌ಡಿ, ಜೊತೆಗೆ ಹೊಚ್ಚಹೊಸ 24 ಇಂಚಿನ ಐಪಿಎಸ್ ಮಾನಿಟರ್. ಆರ್.ಟಿ. ನಗರದ ಒಂದು ಕೋಣೆಯ ಮನೆಯಲ್ಲೂ ಮೇಜಿನ ಮೇಲೆ ಇದಕ್ಕೆ ಜಾಗವಾಗುತ್ತದೆ. ಇದೇ ದುಡ್ಡಿಗೆ ಸಿಗುವ ಹೊಸ ಲ್ಯಾಪ್‌ಟಾಪ್‌ನಲ್ಲಿ ಇಂಥ ಪರದೆ ನನಗಂತೂ ಕಂಡಿಲ್ಲ.

◆ ಪರದೆ ಎಷ್ಟು ಸುಳ್ಳು ಹೇಳುತ್ತದೆ ಎಂದು ಅಳೆಯುವ ಪುಟ್ಟ ಯಂತ್ರದ ಹೆಸರು ಕಲರಿಮೀಟರ್. ಪರದೆಗೆ ಅಂಟಿಸಿಟ್ಟರೆ ಬಣ್ಣ ಬಣ್ಣದ ಚೌಕಗಳನ್ನು ಓದಿ, ತಪ್ಪನ್ನು ತಿದ್ದುವ ‘ಪ್ರೊಫೈಲ್’ ಬರೆಯುತ್ತದೆ. ಲಿನಕ್ಸ್‌ನಲ್ಲಿ ಈ ಕೆಲಸ ಮಾಡಿಸುವುದು ಗ್ರೇಮ್ ಗಿಲ್ ಬರೆದ ‘ಆರ್ಗಿಲ್’. ಆ ಯಂತ್ರ ಎಲ್ಲರೂ ಕೊಳ್ಳಬೇಕಾದದ್ದಲ್ಲ, ತಿಂಗಳಿಗೊಮ್ಮೆ ಬೇಕಾಗುವಂಥದ್ದು. ನಾಲ್ಕೈದು ಗೆಳೆಯರು ಸೇರಿ ಒಂದು ತಂದು ಹಂಚಿಕೊಳ್ಳಬಹುದು.

◆ ಯಲಹಂಕ ವಾಯುನೆಲೆಯಲ್ಲಿ 1996ರಿಂದ ನಡೆಯುವ ಏರೋ ಇಂಡಿಯಾಕ್ಕೆ ಕ್ಯಾಮೆರಾ ಹೊತ್ತು ಹೋಗುವವರು ಗಮನಿಸಿ. ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾ, ಒಂದೊಂದು ರಾ ಫೈಲ್ 25 ಎಂಬಿ. ಸೂರ್ಯಕಿರಣ ತಂಡದ ಎರಡು ವಿಮಾನಗಳು ಎದುರುಬದುರಾಗಿ ದಾಟುವ ಐದು ಸೆಕೆಂಡು ಗುಂಡಿ ಒತ್ತಿ ಹಿಡಿದರೆ 100 ಚಿತ್ರ, 2.5 ಜಿಬಿ! ಒಂದು ಮಧ್ಯಾಹ್ನಕ್ಕೆ 256 ಜಿಬಿಯ ಲ್ಯಾಪ್‌ಟಾಪ್ ಉಸಿರು ಕಟ್ಟುತ್ತದೆ. 1 ಟಿಬಿ ಇಲ್ಲದಿದ್ದರೂ ಎರಡನೇ ಎಸ್‌ಎಸ್‌ಡಿಗೆ ಖಾಲಿ ಸ್ಲಾಟ್ ಇರುವುದನ್ನಾದರೂ ಆರಿಸಿ.

◆ 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡುಗಳಲ್ಲಿ ಬಳಕೆಯಾಗುವ ‘ಎಕ್ಸ್‌ಫ್ಯಾಟ್’ ಮೈಕ್ರೊಸಾಫ್ಟ್‌ನದು. 2019ರ ಆಗಸ್ಟ್‌ನಲ್ಲಿ ಕಂಪನಿ ಅದರ ವಿವರಗಳನ್ನು ಬಹಿರಂಗಪಡಿಸಿತು. ಅದೇ ವರ್ಷದ ಕೊನೆಗೆ ಲಿನಕ್ಸ್ ಕರ್ನೆಲ್ ಒಳಗೆ ಅದಕ್ಕೆ ಜಾಗ ಸಿಕ್ಕಿತು. ‘ಲಿನಕ್ಸ್ ಕ್ಯಾಮೆರಾ ಕಾರ್ಡ್ ಓದಲ್ಲ’ ಎಂಬ ಮಾತು ಅದಕ್ಕೂ ಹಿಂದಿನದು.

◆ ತೀರಾ ಹೊಸ ಕ್ಯಾಮೆರಾ ಕೊಂಡವರಿಗೆ ಒಂದು ಎಚ್ಚರಿಕೆ. ಕ್ಯಾನನ್ 2018ರಲ್ಲಿ ತಂದ ಹೊಸ ಬಗೆಯ ರಾ ಫೈಲನ್ನು ಡಾರ್ಕ್‌ಟೇಬಲ್ ತೆರೆಯಲು ಕಲಿತದ್ದು 2021ರ ಡಿಸೆಂಬರ್‌ನಲ್ಲಿ. ಲ್ಯಾಪ್‌ಟಾಪ್ ಆರಿಸುವ ಮೊದಲು ನಿಮ್ಮ ಕ್ಯಾಮೆರಾದ ಹೆಸರು ತಂತ್ರಾಂಶದ ಪಟ್ಟಿಯಲ್ಲಿದೆಯೇ ನೋಡಿ.

◆ ಕನ್ನಡದಲ್ಲಿ ಫೈಲ್ ಹೆಸರಿಡುವವರಿಗೆ ಇದು: ಲಿನಕ್ಸ್‌ನ ಡಿಸ್ಕಿನಲ್ಲಿ ಒಂದು ಹೆಸರು 255 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ 1 ಬೈಟ್, ಕನ್ನಡದ್ದಕ್ಕೆ 3. ಗುಣಿತದ ಚಿಹ್ನೆ, ಸೊನ್ನೆ, ಒತ್ತಿನ ಹಲಂತ ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ‘ಯಲಹಂಕ’ 15 ಬೈಟ್, ‘ಹೆಬ್ಬಾಳ’ 21, ‘ಯಶವಂತಪುರ’ 24. ಒಟ್ಟಿನಲ್ಲಿ 85 ಚಿಹ್ನೆಗಳ ಒಳಗೆ ಹೆಸರು ಮುಗಿಯಬೇಕು. ವಿಂಡೋಸ್‌ನಲ್ಲಿ ಇಟ್ಟ ಉದ್ದುದ್ದ ಕನ್ನಡ ಹೆಸರಿನ ಫೈಲ್ ಲಿನಕ್ಸ್‌ಗೆ ಬರಲು ಹಟ ಮಾಡಿದರೆ ಕಾರಣ ಇದೇ ಇರಬಹುದು.

◆ ಉಬುಂಟು, ಡೆಬಿಯನ್‌ಗಳ ಉಗ್ರಾಣದಲ್ಲಿ ಎರಡು ಹಕ್ಕಿಗಳಿವೆ: ‘ಗುಬ್ಬಿ’ ಮತ್ತು ‘ನವಿಲು’. ಎರಡೂ ಮುಕ್ತ ಕನ್ನಡ ಫಾಂಟ್‌ಗಳು. ಗಿಂಪ್‌ನ ಮೆನುಗಳಿಗೂ ಕನ್ನಡ ಅನುವಾದ ಇದೆ. ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ಅಲೆದ ಪೂರ್ಣಚಂದ್ರ ತೇಜಸ್ವಿ ಕೊನೆಯ ವರ್ಷಗಳಲ್ಲಿ ಕನ್ನಡಕ್ಕೆ ತನ್ನದೇ ತಂತ್ರಾಂಶ ಬೇಕೆಂದು ಹಟ ಹಿಡಿದವರು. ಹಕ್ಕಿಯ ಹೆಸರಿನ ಫಾಂಟ್‌ನಲ್ಲಿ ಹಕ್ಕಿಯ ಫೋಟೊಗೆ ಕನ್ನಡದಲ್ಲಿ ಅಡಿಬರಹ ಟೈಪಿಸುವಾಗ ನನಗೆ ಅವರು ನೆನಪಾಗುತ್ತಾರೆ.

◆ ಡಾರ್ಕ್‌ಟೇಬಲ್ ಮೂಲ ಚಿತ್ರವನ್ನು ಎಂದೂ ಮುಟ್ಟುವುದಿಲ್ಲ. ನೀವು ಮಾಡಿದ ತಿದ್ದುಪಡಿಗಳನ್ನೆಲ್ಲ ಪಕ್ಕದಲ್ಲಿ ‘ಎಕ್ಸ್‌ಎಂಪಿ’ ಎಂಬ ಪುಟ್ಟ ಪಠ್ಯದ ಫೈಲಿನಲ್ಲಿ ಬರೆದಿಡುತ್ತದೆ. ಕನ್ನಡದ ಅಡಿಬರಹ, ಊರು, ಹಕ್ಕಿಯ ಹೆಸರು ಅಲ್ಲೇ ಕೂರುತ್ತವೆ. ಯಾವುದೇ ಪಠ್ಯ ಸಂಪಾದಕದಲ್ಲಿ ತೆರೆದು ಓದಬಹುದು. ಬ್ಯಾಕಪ್ ಮಾಡುವಾಗ ಈ ಪುಟ್ಟ ಫೈಲ್‌ಗಳನ್ನು ಕಸವೆಂದು ಬಿಟ್ಟುಬಿಟ್ಟು, ಎರಡು ವಾರದ ಕೆಲಸ ಕಳೆದುಕೊಂಡವರನ್ನು ಬಲ್ಲೆ. ರಾ ಫೈಲ್ ಹೋದಲ್ಲೆಲ್ಲ ಇದೂ ಹೋಗಲಿ.

◆ ‘ಕರಿಜ್ಮಾ’ ಆಲ್ಬಂ ಮಾಡುವವರಿಗೆ: 12 ಇಂಚು ಎತ್ತರ, 36 ಇಂಚು ಅಗಲದ ಒಂದು ಹಾಳೆ 300 ಡಿಪಿಐ ಲೆಕ್ಕದಲ್ಲಿ 3,600 × 10,800 ಬಿಂದು, ಅಂದರೆ 3.888 ಕೋಟಿ. ನಿಮ್ಮ ಕ್ಯಾಮೆರಾದ ಚಿತ್ರಕ್ಕಿಂತ ದೊಡ್ಡದು! ಇಲ್ಲಿ ಮಾತ್ರ ಇದ್ದದ್ದು ಇದ್ದಂತೆ ಹೇಳಬೇಕು. ಮಾರುಕಟ್ಟೆಯಲ್ಲಿ ಸಿಗುವ ಆಲ್ಬಂ ವಿನ್ಯಾಸಗಳೆಲ್ಲ ಫೋಟೊಶಾಪ್‌ನ ಪಿಎಸ್‌ಡಿ ಫೈಲುಗಳು. 2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0 ಅವನ್ನು ಹಿಂದಿಗಿಂತ ಚೆನ್ನಾಗಿ ತೆರೆಯುತ್ತದೆ, ಹಾಕಿದ ಫಿಲ್ಟರನ್ನು ಆಮೇಲೆ ಬದಲಿಸಲೂ ಬಿಡುತ್ತದೆ. ಆದರೂ ಎಲ್ಲ ಪದರಗಳೂ ಇದ್ದ ಹಾಗೇ ಬರುತ್ತವೆ ಎನ್ನಲಾಗದು. ಆಲ್ಬಂ ವಿನ್ಯಾಸದಿಂದಲೇ ಹೊಟ್ಟೆ ಹೊರೆಯುವವರು ಒಂದೇ ಏಟಿಗೆ ಹಳೆಯದನ್ನು ಅಳಿಸಬೇಡಿ. ಚಿತ್ರ ಆರಿಸುವುದು, ರಾ ತಿದ್ದುವುದು ಲಿನಕ್ಸ್‌ನಲ್ಲಿ ಶುರುವಾಗಲಿ. ಆಲ್ಬಂ ಕೆಲಸ ಇದ್ದಲ್ಲೇ ಇರಲಿ.

◆ ‘ಇದೆಲ್ಲ ಕಲಿಯಲು ಕಷ್ಟ’ ಅನ್ನುವಿರಾ? ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳನ್ನು ಕೇಳಿ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ನಡೆಯುವುದು ಲಿನಕ್ಸ್ ಮೇಲೆ. ಹೈಸ್ಕೂಲಿನ ಪಠ್ಯದಲ್ಲಿ ಗಿಂಪ್, ಇಂಕ್‌ಸ್ಕೇಪ್ ಪಾಠಗಳಿದ್ದವು, ಕನ್ನಡದಲ್ಲೇ. ಪದರ, ಆಯ್ಕೆ, ಬಣ್ಣದ ಮಟ್ಟ ಎಂಬುದೆಲ್ಲ ಅಲ್ಲಿನ ಹದಿಮೂರು ವರ್ಷದ ಹುಡುಗಿಗೆ ಗೊತ್ತು.

◆ ಕರೆಂಟ್ ಹೋಗುತ್ತದೆಂದು ಲ್ಯಾಪ್‌ಟಾಪನ್ನು ಸದಾ ಚಾರ್ಜರಿಗೆ ಚುಚ್ಚಿಡುವವರ ಬ್ಯಾಟರಿ ಬೇಗ ಸೊರಗುತ್ತದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ‘ಶೇ. 80ಕ್ಕೆ ನಿಲ್ಲಿಸು’ ಎಂದು ಲಿನಕ್ಸ್‌ನಿಂದಲೇ ಹೇಳಬಹುದು.

◆ ಕೊನೆಯದು ಹೆಬ್ಬಾಳದ್ದು. 2018ರಲ್ಲಿ ಅಲ್ಲಿ ಚರಂಡಿ ಅಗೆಯುವಾಗ ಒಂದು ವೀರಗಲ್ಲು ಸಿಕ್ಕಿತು. ಸುಮಾರು ಕ್ರಿ.ಶ. 750ರದು, ಗಂಗರ ಶ್ರೀಪುರುಷನ ಕಾಲದ್ದು, ಕಿತ್ತಯ್ಯ ಎಂಬ ವೀರನದು. ಬೆಂಗಳೂರಿನ ಅತಿ ಹಳೆಯ ಕನ್ನಡ ಬರಹಗಳಲ್ಲಿ ಅದೂ ಒಂದು. ಹೆಬ್ಬಾಳದ ಹಳೆಯ ಹೆಸರು ‘ಪೆರ್ಬೊಳಲ್’ ಅದರಲ್ಲಿದೆ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಾ ಬಂದಿದ್ದಾರೆ.

ಸವೆದ ಕಲ್ಲಿನ ಅಕ್ಷರವನ್ನು ಮಾಮೂಲಿ ಕ್ಯಾಮೆರಾದಲ್ಲಿ ಹಿಡಿಯುವವರಿಗೆ ಒಂದು ಉಪಾಯ: ಎದುರಿನಿಂದ ಫ್ಲ್ಯಾಶ್ ಹೊಡೆದರೆ ಕಲ್ಲು ಬರೀ ಚಪ್ಪಟೆ. ಪಕ್ಕದಿಂದ, ಕಲ್ಲಿಗೆ ಸವರಿದಂತೆ ಟಾರ್ಚ್ ಹಿಡಿದರೆ ಪ್ರತಿ ಗೀರಿಗೂ ನೆರಳು ಬೀಳುತ್ತದೆ. ಟಾರ್ಚನ್ನು ಎಡ, ಬಲ, ಮೇಲೆ ಎಂದು ಸರಿಸುತ್ತಾ ಮೂರು ನಾಲ್ಕು ಚಿತ್ರ ತೆಗೆಯಿರಿ, ರಾ ಫೈಲಿನಲ್ಲೇ ತೆಗೆಯಿರಿ. ಜೇಪೆಗ್‌ನಲ್ಲಿ ಕಪ್ಪಿಂದ ಬಿಳುಪಿಗೆ 256 ಮೆಟ್ಟಿಲು; 14 ಬಿಟ್ ರಾ ಫೈಲಿನಲ್ಲಿ 16,384. ಕಾಲದಿಂದ ಅಳಿಸಿಹೋಯಿತು ಅಂದುಕೊಂಡ ಅಕ್ಷರ ಅಡಗಿರುವುದು ಆ ನಡುವಿನ ಮೆಟ್ಟಿಲುಗಳಲ್ಲೇ. ಚಿತ್ರವನ್ನು ಕಪ್ಪು-ಬಿಳುಪು ಮಾಡಿ, ಡಾರ್ಕ್‌ಟೇಬಲ್‌ನ ‘ಲೋಕಲ್ ಕಾಂಟ್ರಾಸ್ಟ್’ ಅನ್ನು ನಿಧಾನವಾಗಿ ಏರಿಸುತ್ತಾ ಬಂದರೆ ಬೂದು ಕಲೆಯೊಳಗಿಂದ ಮೊದಲು ಒಂದು ತಲೆಕಟ್ಟು, ಆಮೇಲೆ ಒಂದು ಒತ್ತು ಎದ್ದು ಬರುತ್ತವೆ. ಈ ಒಂದು ಕೆಲಸಕ್ಕೆ ಮಾತ್ರ ಶೇ. 45ರ ನನ್ನ ಹಳೆಯ ಲ್ಯಾಪ್‌ಟಾಪ್ ಈಗಲೂ ಸಾಕಾಗುತ್ತದೆ; ಕಲ್ಲಿನ ಅಕ್ಷರ ಓದಲು ಬಣ್ಣ ಬೇಕಿಲ್ಲ.